ಉತ್ತರ ಬರೆದ ಮೇಲೆ ಬದಲಾದ ಅಂಕ: ಝೆಜಿಯಾಂಗ್ ಇಂಗ್ಲಿಷ್ ಪರೀಕ್ಷೆಯ ಒಂದು ಪ್ರಕರಣ ಅಧ್ಯಯನ

2018ರ ನವೆಂಬರ್ 24ರಂದು ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಕಾಲೇಜು ಪ್ರವೇಶದ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬಂತು. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಆ ತಿಂಗಳ ಮೊದಲ ವಾರದಲ್ಲಿ ಬರೆದಿದ್ದ ಪರೀಕ್ಷೆ ಅದು. ಅಂಕ ನೋಡಿದ ಮಕ್ಕಳಿಗೆ, ಮೇಷ್ಟ್ರುಗಳಿಗೆ, ಹೆತ್ತವರಿಗೆ ಏನೋ ತಾಳೆಯಾಗುತ್ತಿಲ್ಲ ಅನ್ನಿಸಿತು. ಪರೀಕ್ಷೆ ಮುಗಿದ ಮೇಲೆ ಸರಿಯುತ್ತರ ನೋಡಿಕೊಂಡು ತಮಗೆಷ್ಟು ಬರಬಹುದೆಂದು ಕೂಡಿ ನೋಡುವುದು ಅಲ್ಲಿನ ಮಕ್ಕಳ ಹಳೆಯ ಅಭ್ಯಾಸ. 150 ಅಂಕಗಳಲ್ಲಿ 110 ಅಂಕದ ಪ್ರಶ್ನೆಗಳಿಗೆ ಒಂದೇ ಖಚಿತ ಉತ್ತರ ಇರುವುದರಿಂದ ಈ ಲೆಕ್ಕ ತೀರಾ ತಪ್ಪುವ ಸಂಭವ ಕಡಿಮೆ. ಲೆಕ್ಕ ತಪ್ಪಿದ್ದು ಒಬ್ಬಿಬ್ಬರದಾಗಿದ್ದರೆ ಮಾತು ಬೇರೆ. ಆದರೆ ದೂರು ಶಾಲೆ ಶಾಲೆಗಳಿಂದ ಬಂತು, ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು.

ಮೂರು ದಿನಗಳ ನಂತರ ಪ್ರಾಂತ್ಯದ ಪರೀಕ್ಷಾ ಸಂಸ್ಥೆ ವಿವರಣೆ ಕೊಟ್ಟಿತು. ಹಿಂದಿನ ವರ್ಷದ ಇದೇ ಹೊತ್ತಿನ ಪರೀಕ್ಷೆಗೆ ಹೋಲಿಸಿದರೆ ಈ ಸಲದ ಕೆಲವು ಪ್ರಶ್ನೆಗಳು ಹೆಚ್ಚು ಕಠಿಣವಾಗಿದ್ದವು. ಎರಡೂ ಪರೀಕ್ಷೆಗಳ ಕಠಿಣತೆ ಹೆಚ್ಚುಕಡಿಮೆ ಸಮವಾಗಲೆಂದು ಓದಿ ಗ್ರಹಿಸುವ ಭಾಗದ ಮತ್ತು ಬರವಣಿಗೆಯ ಭಾಗದ ಕೆಲವು ಪ್ರಶ್ನೆಗಳ ಅಂಕಗಳಿಗೆ ಹೆಚ್ಚಿನ ತೂಕ ಕೊಡಲಾಗಿದೆ, ಅಂದರೆ ಅವುಗಳಲ್ಲಿ ಗಳಿಸಿದ ಅಂಕವನ್ನು ಹಿಗ್ಗಿಸಲಾಗಿದೆ. ತೂಕ ಬದಲಾಗದ ಪ್ರಶ್ನೆಗಳ ಅಂಕ, ಬದಲಾದ ಪ್ರಶ್ನೆಗಳ ಹೊಸ ಅಂಕ, ಇವೆರಡನ್ನೂ ಕೂಡಿದ್ದೇ ವಿದ್ಯಾರ್ಥಿಯ ಒಟ್ಟು ಅಂಕ. ವಿವರಣೆಯ ಸಾರ ಇಷ್ಟು. ಸಮಾಧಾನ ಮಾಡಲು ಕೊಟ್ಟ ವಿವರಣೆಯೇ ಸಿಟ್ಟಿಗೆ ಮುಖ್ಯ ಕಾರಣವಾಯಿತು, ಏಕೆಂದರೆ ಇಂಥದ್ದೊಂದು ನಡೆಯುತ್ತದೆಂದು ಪರೀಕ್ಷೆಗೆ ಮೊದಲು ಯಾರಿಗೂ ಹೇಳಿರಲಿಲ್ಲ.

ಡಿಸೆಂಬರ್ 5ರ ಹೊತ್ತಿಗೆ ಎಲ್ಲವೂ ತಲೆಕೆಳಗಾಯಿತು. ಪ್ರಾಂತ್ಯದ ಗವರ್ನರ್ ಯುವಾನ್ ಜಿಯಾಜುನ್ ಮುಂದಾಳತ್ವದ ತನಿಖಾ ತಂಡ, ಇದು ತಪ್ಪು ನಿರ್ಧಾರದಿಂದಾದ ಗಂಭೀರ ಪ್ರಮಾದ ಎಂದು ಹೇಳಿತು. ಹೆಚ್ಚುವರಿ ತೂಕ ರದ್ದಾಗಿ ಮೂಲ ಅಂಕಗಳು ಮರಳಿದವು. ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥ ಗುವೊ ಹುವಾವೇ ಹುದ್ದೆ ಕಳೆದುಕೊಂಡರು.

ಸುದ್ದಿಯ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಈ ಪ್ರಕರಣ ಬಹಳ ಮುಖ್ಯವೆನಿಸುತ್ತದೆ. ಒಂದು ಭಾಷೆಯನ್ನು ಕೇಳಿ ಅರ್ಥಮಾಡಿಕೊಳ್ಳುವ, ಓದಿ ಗ್ರಹಿಸುವ ಶಕ್ತಿಯನ್ನು ಅಂಕಕ್ಕೆ ಇಳಿಸುವುದರಲ್ಲಿ ಎಲ್ಲೆಲ್ಲಿ ಎಡವಬಹುದು ಎಂಬುದು ಇಷ್ಟು ಸ್ಪಷ್ಟವಾಗಿ ಕಾಣಸಿಗುವುದು ಅಪರೂಪ. ಅಧಿಕಾರಿಗಳ ಉದ್ದೇಶ ಕೆಟ್ಟದ್ದಾಗಿತ್ತು ಎಂದು ನಾನು ಭಾವಿಸುವುದಿಲ್ಲ. ಅವರೆದುರು ಇದ್ದ ಸಮಸ್ಯೆ ನಿಜವಾದದ್ದೇ. ಹಿಡಿದ ದಾರಿ ಮಾತ್ರ ಲೆಕ್ಕದ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ತಪ್ಪಾಗಿತ್ತು.

ವರ್ಷಕ್ಕೆ ಎರಡು ಸಲ ಏಕೆ

ಚೀನಾದ ಗಾವೋಕಾವೋ ಪ್ರವೇಶ ಪರೀಕ್ಷೆಯಲ್ಲಿ ಚೀನೀ ಭಾಷೆ, ಗಣಿತ, ವಿದೇಶಿ ಭಾಷೆ ಮೂರಕ್ಕೂ ತಲಾ 150 ಅಂಕ. ಬಹುಪಾಲು ಮಕ್ಕಳಿಗೆ ವಿದೇಶಿ ಭಾಷೆ ಎಂದರೆ ಇಂಗ್ಲಿಷೇ. ಜೂನ್ ತಿಂಗಳ ಎರಡು ದಿನ ಇಡೀ ಬದುಕನ್ನು ತೀರ್ಮಾನಿಸಿಬಿಡುತ್ತವೆ ಎಂಬ ಕೊರಗು ಅಲ್ಲಿ ಬಹಳ ಕಾಲದಿಂದ ಇತ್ತು. 2014ರಲ್ಲಿ ಘೋಷಣೆಯಾದ ಸುಧಾರಣೆಯ ಪ್ರಯೋಗಕ್ಕೆ ಶಾಂಘೈ ಮತ್ತು ಝೆಜಿಯಾಂಗ್ ಮೊದಲ ಜಾಗಗಳಾದವು. ಹೊಸ ಪದ್ಧತಿಯಲ್ಲಿ ಪ್ರವೇಶ ಪಡೆದ ಮೊದಲ ತಂಡ 2017ರದು. ಝೆಜಿಯಾಂಗ್‌ನಲ್ಲಿ ವಿದೇಶಿ ಭಾಷೆಯ ಪರೀಕ್ಷೆಯನ್ನು ಶರತ್ಕಾಲದಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಬರೆಯಬಹುದಿತ್ತು. ಎರಡರಲ್ಲಿ ಹೆಚ್ಚು ಬಂದದ್ದೇ ಲೆಕ್ಕಕ್ಕೆ. ಆಗಿನ ನಿಯಮದಂತೆ ಆ ಅಂಕ 2 ವರ್ಷ ಊರ್ಜಿತ.

ಈ ಎರಡು ವರ್ಷದ ಮಾತು ಸಣ್ಣದಾಗಿ ಕಾಣುತ್ತದೆ, ಆದರೆ ಪ್ರಕರಣದ ಬೇರು ಇರುವುದೇ ಅಲ್ಲಿ. 2017ರ ನವೆಂಬರ್‌ನಲ್ಲಿ ಇಂಗ್ಲಿಷ್ ಬರೆದು, ಮರುವರ್ಷ ಬೇಕಾದ ಕಾಲೇಜು ಸಿಗದೆ ಇನ್ನೊಂದು ವರ್ಷ ಓದುತ್ತಿರುವ ಹುಡುಗ, 2018ರ ನವೆಂಬರ್‌ನಲ್ಲಿ ಮೊದಲ ಸಲ ಬರೆದ ಹುಡುಗಿ, ಇಬ್ಬರೂ 2019ರ ಪ್ರವೇಶಕ್ಕೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವನದು ಒಂದು ಪತ್ರಿಕೆ, ಇವಳದು ಇನ್ನೊಂದು. ಅವನ 120, ಇವಳ 120 ಒಂದೇ ತೂಕದವೇ? ಮುಂದಿನ ಜೂನ್‌ನಲ್ಲಿ ಬರೆಯುವವರ 120? ಒಂದೇ ಎಂದು ಪದ್ಧತಿ ಮಾತು ಕೊಟ್ಟಿತ್ತು. ಆ ಮಾತನ್ನು ಉಳಿಸಿಕೊಳ್ಳುವ ಸಲಕರಣೆಯನ್ನು ಮಾತ್ರ ಕಟ್ಟಿರಲಿಲ್ಲ.

ಶರತ್ಕಾಲದ ಅಂಕಕ್ಕೆ ಮಕ್ಕಳ ದಿನಚರಿಯಲ್ಲೂ ದೊಡ್ಡ ಬೆಲೆ ಇತ್ತು. ಒಳ್ಳೆಯ ಅಂಕ ಬಂದರೆ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ಉಳಿದ ಆರೇಳು ತಿಂಗಳನ್ನು ಗಣಿತಕ್ಕೋ ಭೌತಶಾಸ್ತ್ರಕ್ಕೋ ಕೊಡಬಹುದು. ಕಡಿಮೆ ಬಂದರೆ ದಿನಕ್ಕೆ ಒಂದೆರಡು ಗಂಟೆ ಅದಕ್ಕೇ ಹೋಗಬೇಕು. ಹದಿನೇಳು ಹದಿನೆಂಟರ ಹುಡುಗರು ಆ ಒಂದು ಅಂಕಿ ನೋಡಿ ಅರ್ಧ ವರ್ಷದ ಯೋಜನೆ ಹಾಕುತ್ತಾರೆ. ಅಂಕಿ ಹನ್ನೊಂದು ದಿನಗಳಲ್ಲಿ ಎರಡು ಸಲ ಬೇರೆಯಾದರೆ ಅವರ ಗತಿ ಏನಾಗಬೇಕು?

ಪ್ರಶ್ನೆಪತ್ರಿಕೆ

ಪರೀಕ್ಷೆ ಶುರುವಾಗುವುದು ಆಲಿಸುವ ಭಾಗದಿಂದ. 20 ಪ್ರಶ್ನೆ, ಒಂದೊಂದಕ್ಕೆ 1.5 ಅಂಕ, ಒಟ್ಟು 30. ಮೊದಲ ಐದು ಚಿಕ್ಕ ಸಂಭಾಷಣೆಗಳು. ಅವನ್ನು ಒಂದೇ ಸಲ ಕೇಳಿಸುತ್ತಾರೆ. ಆಮೇಲಿನ ಐದು ಉದ್ದನೆಯವು, ಎರಡೆರಡು ಸಲ. ಪ್ರತಿ ಪ್ರಶ್ನೆಗೂ ಮೂರು ಆಯ್ಕೆ. ಎಲ್ಲಕ್ಕೂ ಮೊದಲು ಒಂದು ಮಾದರಿ ಪ್ರಶ್ನೆ ಇರುತ್ತದೆ. ಅಂಗಿಯ ಬೆಲೆ ಎಷ್ಟು? 19.15 ಪೌಂಡ್, 9.18 ಪೌಂಡ್, 9.15 ಪೌಂಡ್. ಉತ್ತರ ಮೂರನೆಯದು, ಅದನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿರುತ್ತಾರೆ. ಚೀನಾದ ಉದ್ದಗಲಕ್ಕೂ ಅಭ್ಯಾಸ ಪತ್ರಿಕೆಗಳಲ್ಲಿ, ನಿಜ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಇದೇ ಅಂಗಿ, ಇದೇ ಬೆಲೆ. ಆ ಧ್ವನಿ ಕೇಳಿದರೆ ಸಾಕು, ಪರೀಕ್ಷೆ ಬರೆದು ಎಷ್ಟೋ ವರ್ಷ ಕಳೆದವರಿಗೂ ಕೋಣೆ, ಮೇಜು, ಎದೆಬಡಿತ ಎಲ್ಲ ನೆನಪಿಗೆ ಬರುತ್ತದೆ.

ಎರಡನೆಯದು ಓದಿ ಗ್ರಹಿಸುವ ಭಾಗ, 35 ಅಂಕ. ಮೂರು ಗದ್ಯಭಾಗ, ಅವುಗಳ ಮೇಲೆ 10 ಪ್ರಶ್ನೆ, ತಲಾ 2.5 ಅಂಕ. ಆಮೇಲೆ ಐದು ಖಾಲಿ ಜಾಗಗಳಿರುವ ಒಂದು ಬರಹ. ಕೆಳಗೆ ಕೊಟ್ಟ ಏಳು ವಾಕ್ಯಗಳಲ್ಲಿ ಸರಿಯಾದ ಐದನ್ನು ಹೊಂದಿಸಬೇಕು, ತಲಾ 2 ಅಂಕ. ಮೂರನೆಯ ಭಾಗ ಪದಪ್ರಯೋಗ ಮತ್ತು ವ್ಯಾಕರಣದ್ದು, 45. ಕೊನೆಯದು ಬರವಣಿಗೆ, 40. ಅದರಲ್ಲಿ 15 ಅಂಕ ಪತ್ರದಂಥ ಬರಹಕ್ಕೆ, 25 ಅಂಕ ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು ಮುಂದುವರಿಸುವುದಕ್ಕೆ ಅಥವಾ ಸಾರಾಂಶ ಬರೆಯುವುದಕ್ಕೆ.

ಆಲಿಸುವುದು, ಓದುವುದು ಎರಡೂ ಗ್ರಹಿಕೆಯ ಶಕ್ತಿಗಳೇ ಆದರೂ ಒಂದೇ ಮಗುವಿನಲ್ಲಿ ಸಮನಾಗಿ ಬೆಳೆದಿರುವುದಿಲ್ಲ. ಒಳ್ಳೆಯ ಧ್ವನಿಸಾಮಗ್ರಿ, ಚಂದದ ಉಚ್ಚಾರಣೆಯ ಮೇಷ್ಟ್ರು, ಇಂಗ್ಲಿಷ್ ಮಾತು ಕಿವಿಗೆ ಬೀಳುವ ಪರಿಸರ ಸಿಕ್ಕವರಿಗೆ ಆಲಿಸುವುದು ಸುಲಭ. ಅದು ಸಿಗದಿದ್ದರೂ ದೀಪದ ಕೆಳಗೆ ಕೂತು ಓದಿ ಓದಿ ಓದುವ ಭಾಗದಲ್ಲಿ ಗೆಲ್ಲುವವರು ಇದ್ದಾರೆ. ಹಾಗಾಗಿ ಯಾವ ಭಾಗಕ್ಕೆ ಎಷ್ಟು ತೂಕ ಎಂಬ ತೀರ್ಮಾನದಲ್ಲೇ ಯಾರಿಗೆ ಎಷ್ಟು ಎಂಬ ತೀರ್ಮಾನವೂ ಅಡಗಿರುತ್ತದೆ. ಪತ್ರಿಕೆ ಬರೆಯುವ ಮೊದಲೇ 30, 35, 45, 40 ಎಂಬ ಹಂಚಿಕೆ ಎಲ್ಲರಿಗೂ ತಿಳಿದಿರುವುದು ಅದಕ್ಕೇ. ಮಕ್ಕಳು ಓದಿನ ಸಮಯ ಹಂಚಿಕೊಳ್ಳುವುದೂ ಆ ಲೆಕ್ಕದ ಮೇಲೆಯೇ.

ಸರಿ ಉತ್ತರಕ್ಕೇ ಪರಿಹಾರ

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಇದರ ಗುಣಕ ನಾನು ಇಟ್ಟುಕೊಂಡದ್ದು, ಝೆಜಿಯಾಂಗ್ ಬಳಸಿದ್ದಲ್ಲ.

ಹುಡುಗಿಯೊಬ್ಬಳು ಆಲಿಸುವ ಭಾಗದಲ್ಲಿ 18 ಸರಿ ಮಾಡಿದ್ದಾಳೆ, 27 ಅಂಕ. ಗದ್ಯಭಾಗಗಳ ಹತ್ತು ಪ್ರಶ್ನೆಗಳಲ್ಲಿ 5 ಸರಿ, 12.5 ಅಂಕ. ಹುಡುಗನೊಬ್ಬ ಆಲಿಸುವುದರಲ್ಲಿ 13 ಸರಿ ಮಾಡಿದ್ದಾನೆ, 19.5. ಗದ್ಯಭಾಗದಲ್ಲಿ 8 ಸರಿ, 20. ವಾಕ್ಯ ಹೊಂದಿಸುವುದರಲ್ಲಿ ಇಬ್ಬರಿಗೂ ಪೂರ್ತಿ 10, ಉಳಿದ ಭಾಗಗಳಲ್ಲಿ ಇಬ್ಬರಿಗೂ 66. ಇಬ್ಬರ ಒಟ್ಟು ಅಂಕ 115.5. ಈಗ ಗದ್ಯಭಾಗ ಕಷ್ಟವಾಗಿತ್ತೆಂದು ಅದರ ಅಂಕಗಳನ್ನು 1.2ರಿಂದ ಗುಣಿಸಿದರೆ ಹುಡುಗಿಗೆ 118, ಹುಡುಗನಿಗೆ 119.5. ಒಂದೇ ಕೋಣೆಯಲ್ಲಿ ಒಂದೇ ಪತ್ರಿಕೆಯನ್ನು ಸಮನಾಗಿ ಬರೆದ ಇಬ್ಬರ ನಡುವೆ ಒಂದೂವರೆ ಅಂಕದ ಅಂತರ ಹುಟ್ಟಿಕೊಂಡಿತು. ಪ್ರಾಂತ್ಯದ ಪ್ರವೇಶಪಟ್ಟಿಯ ನಡುಭಾಗದಲ್ಲಿ ಒಂದೊಂದು ಅಂಕಕ್ಕೆ ನೂರಾರು ಮಕ್ಕಳು ಗುಂಪುಗಟ್ಟಿರುತ್ತಾರೆ. ಅಲ್ಲಿ ಒಂದೂವರೆ ಅಂಕ ಎಂದರೆ ಬೇರೆ ಕಾಲೇಜು, ಬೇರೆ ಊರು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗದ್ಯಭಾಗ ಕಠಿಣವಾಗಿ ನಷ್ಟ ಅನುಭವಿಸಿದವರು ಯಾರು? ಅದರಲ್ಲಿ ಉತ್ತರ ತಪ್ಪಿದವರು. ಸರಿ ಉತ್ತರದ ಅಂಕವನ್ನು ಗುಣಿಸಿದಾಗ ಹೆಚ್ಚು ಸಿಗುವುದು ಯಾರಿಗೆ? ತಪ್ಪದವರಿಗೆ. ಹತ್ತಕ್ಕೆ ಹತ್ತೂ ತಪ್ಪಿದವರ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಪರಿಹಾರ ಎಂದು ಕೊಟ್ಟದ್ದು ನಷ್ಟವಾದವರ ಕೈಸೇರುವುದೇ ಇಲ್ಲ. ಮೇಲಿನ ತುದಿಯಲ್ಲಿ ಇದರದೇ ಇನ್ನೊಂದು ರೂಪ: ಬಹುತೇಕ ಪೂರ್ತಿ ಅಂಕ ಪಡೆದವರಿಗೆ 150ರ ಮಿತಿಯೊಳಗೆ ಏರಲು ಜಾಗವೇ ಇರುವುದಿಲ್ಲ, ಅವರ ಹಿಂದೆ ಇದ್ದವರು ಮಾತ್ರ ಹತ್ತಿರ ಬರುತ್ತಾರೆ.

ಎರಡು ಪರೀಕ್ಷೆಗಳ ಅಂಕಗಳನ್ನು ಒಂದೇ ಅಳತೆಗೆ ತರುವ ಸರಿಯಾದ ಕ್ರಮಗಳಿಗೆಲ್ಲ ಒಂದು ಸಾಮಾನ್ಯ ಗುಣವಿದೆ. ಅವು ಇಡೀ ಪತ್ರಿಕೆಯ ಒಟ್ಟು ಅಂಕವನ್ನು ಬದಲಿಸುತ್ತವೆ. ಈ ಪತ್ರಿಕೆಯ 115 ಆ ಪತ್ರಿಕೆಯ 118ಕ್ಕೆ ಸಮ ಎಂದಾದರೆ 115 ಪಡೆದ ಪ್ರತಿಯೊಬ್ಬರಿಗೂ 118. ಅದನ್ನು ಯಾವ ಭಾಗದಿಂದ ಗಳಿಸಿದರು ಎಂದು ಕೇಳುವುದಿಲ್ಲ. ಆದ್ದರಿಂದ ಜೊತೆಯಲ್ಲಿ ಕೂತು ಬರೆದವರ ನಡುವಿನ ಸ್ಥಾನ ಅದಲುಬದಲಾಗುವುದಿಲ್ಲ. ಝೆಜಿಯಾಂಗ್‌ನ ಕ್ರಮದಲ್ಲಿ ಅದಲುಬದಲಾಯಿತು. ಇಂಗ್ಲಿಷ್ ಪ್ರಾವೀಣ್ಯ ಎಂದರೆ ಏನು ಎಂಬ ವ್ಯಾಖ್ಯೆಯನ್ನೇ ಉತ್ತರಪತ್ರಿಕೆಗಳು ಕೈಗೆ ಬಂದ ಮೇಲೆ ತಿದ್ದಿದಂತಾಯಿತು: ಓದು, ಬರಹಕ್ಕೆ ಹೆಚ್ಚು ಪಾಲು, ಆಲಿಸುವುದಕ್ಕೆ ಕಡಿಮೆ ಪಾಲು.

ಕಷ್ಟ ಎಂದು ಹೇಳುವುದು ಹೇಗೆ

ಪತ್ರಿಕೆ ಕಠಿಣವಾಗಿತ್ತು ಎಂಬ ಮೂಲ ಮಾತನ್ನೇ ಪರೀಕ್ಷಿಸೋಣ. ಚೀನಾದ ಶಾಲೆಗಳಲ್ಲಿ ಪ್ರಶ್ನೆಯ ಕಠಿಣತೆಯನ್ನು ಸಾಮಾನ್ಯವಾಗಿ ಒಂದು ಸರಳ ಭಾಗಾಕಾರದಿಂದ ಹೇಳುತ್ತಾರೆ. ಬರೆದವರ ಸರಾಸರಿ ಅಂಕವನ್ನು ಪೂರ್ಣಾಂಕದಿಂದ ಭಾಗಿಸುವುದು. 2.5ಕ್ಕೆ ಸರಾಸರಿ 1.5 ಬಂದರೆ 0.6. ಈ ಅಂಕಿ ಇಳಿದಷ್ಟೂ ಪ್ರಶ್ನೆ ಕಷ್ಟ ಎಂದರ್ಥ. ಮೇಷ್ಟ್ರಿಗೆ ತರಗತಿಯಲ್ಲಿ ಇದು ಸಾಕು. ಆದರೆ ಈ ಅಂಕಿಯಲ್ಲಿ ಪ್ರಶ್ನೆಯ ಕಷ್ಟ, ಬರೆದವರ ಮಟ್ಟ ಎರಡೂ ಬೆರೆತಿರುತ್ತವೆ. ಹೋದ ವರ್ಷ 0.65 ಇದ್ದದ್ದು ಈ ವರ್ಷ 0.58 ಆಯಿತೆಂದರೆ ಗದ್ಯಭಾಗ ಗಡುಸಾಗಿತ್ತೋ, ಈ ವರ್ಷದ ಮಕ್ಕಳ ತಯಾರಿ ಕಡಿಮೆಯೋ? ಆ ಅಂಕಿಯನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಒಂದು ಪಾವಿನಲ್ಲಿ ಅಳೆದಾಗ ಅಕ್ಕಿ ಕಡಿಮೆ ಬಂದರೆ ಪಾವು ದೊಡ್ಡದೋ ಅಕ್ಕಿಯೇ ಕಡಿಮೆಯೋ ಎಂದು ತಿಳಿಯಲು, ಅದೇ ಅಕ್ಕಿಯನ್ನು ಎರಡೂ ಪಾವುಗಳಲ್ಲಿ ಅಳೆದು ನೋಡಲೇಬೇಕು.

ಪರೀಕ್ಷೆಯ ಲೋಕದಲ್ಲಿ ಆ 'ಅದೇ ಅಕ್ಕಿ' ಎಂದರೆ ಎರಡೂ ಪತ್ರಿಕೆಗಳಲ್ಲಿ ಬರುವ ಕೆಲವು ಸಮಾನ ಪ್ರಶ್ನೆಗಳು, ಅಥವಾ ಎರಡನ್ನೂ ಬರೆದ ಒಂದು ಗುಂಪು. ಗಾವೋಕಾವೋದಲ್ಲಿ ಎರಡೂ ಸುಲಭವಲ್ಲ. ಪತ್ರಿಕೆಯ ತಲೆಯ ಮೇಲೆ ಅತಿ ರಹಸ್ಯ ಎಂದು ಅಚ್ಚಾಗಿರುತ್ತದೆ. ಪ್ರಶ್ನೆ ತೆಗೆಯುವವರನ್ನು ಪರೀಕ್ಷೆ ಮುಗಿಯುವತನಕ ಹೊರಲೋಕದ ಸಂಪರ್ಕವಿಲ್ಲದೆ ಇರಿಸುತ್ತಾರೆ. ಪರೀಕ್ಷೆ ಮುಗಿದ ಕೆಲವೇ ಗಂಟೆಗಳಲ್ಲಿ ಪತ್ರಿಕೆ ಎಲ್ಲೆಡೆ ಹರಡಿ, ಮರುದಿನವೇ ಕಿರಿಯ ತರಗತಿಯ ಅಭ್ಯಾಸದ ಹಾಳೆಯಾಗುತ್ತದೆ. ಇಂಥಲ್ಲಿ ಪ್ರಶ್ನೆಗಳನ್ನು ಮೊದಲೇ ಮಕ್ಕಳ ಮೇಲೆ ಪ್ರಯೋಗಿಸಿ ನೋಡುವಂತಿಲ್ಲ, ಒಮ್ಮೆ ಬಂದದ್ದನ್ನು ಮತ್ತೆ ಕೇಳುವಂತಿಲ್ಲ. ಎರಡು ಸಲವೂ ಬರೆಯುವ ಮಕ್ಕಳನ್ನು ಸೇತುವೆಯಾಗಿಸೋಣವೆಂದರೆ ಅವರು ನಡುವಿನ ತಿಂಗಳುಗಳಲ್ಲಿ ಕಲಿತಿರುತ್ತಾರೆ. ಮೊದಲ ಸಲವೇ ಚೆನ್ನಾಗಿ ಮಾಡಿದವರಲ್ಲಿ ಎಷ್ಟೋ ಜನ ಮತ್ತೆ ಬರೆಯಲು ಬರುವುದೂ ಇಲ್ಲ.

ಚೀನಾಕ್ಕೆ ಈ ವಿದ್ಯೆ ಹೊಸದೇನಲ್ಲ. ಗುವಾಂಗ್‌ಝೌನ ಭಾಷಾವಿಜ್ಞಾನಿ ಗುಯಿ ಶಿಚುನ್ ಪ್ರವೇಶ ಪರೀಕ್ಷೆಯ ಇಂಗ್ಲಿಷನ್ನು ಶಾಸ್ತ್ರೀಯವಾಗಿ ಅಳೆಯುವ ಪ್ರಯೋಗವನ್ನು 1985ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಮುನ್ನಡೆಸಿದವರು. ವರ್ಷದಿಂದ ವರ್ಷಕ್ಕೆ ಅಂಕಗಳನ್ನು ಹೋಲಿಸಲು ಪ್ರಶ್ನೆಯ ಕಷ್ಟವನ್ನೂ ಬರೆದವರ ಮಟ್ಟವನ್ನೂ ಬೇರೆಬೇರೆಯಾಗಿ ಅಂದಾಜಿಸುವ ರಾಶ್ ಮಾದರಿ ಎಂಬ ಗಣಿತವನ್ನು ಅವರು ಬಳಸಿದ್ದರು. ಆಗಲೇ ಕಾಲೇಜಿನಲ್ಲಿ ಓದುತ್ತಿರುವವರಿಗಾಗಿ 1987ರಿಂದ ನಡೆಯುತ್ತಿರುವ ಕಾಲೇಜು ಇಂಗ್ಲಿಷ್ ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ಮೂಲ ಅಂಕ ಕೊಡುವುದೇ ಇಲ್ಲ. 710ರವರೆಗಿನ ಒಂದು ಸಾಮಾನ್ಯ ಅಳತೆಗೆ ಪರಿವರ್ತಿಸಿದ ಅಂಕ ಕೊಡುತ್ತಾರೆ, ಅದಕ್ಕಾಗಿ ಯಾರೂ ಬೀದಿಗಿಳಿದಿಲ್ಲ. 2018ರ ಫೆಬ್ರುವರಿಯಲ್ಲೇ ಇಂಗ್ಲಿಷ್ ಸಾಮರ್ಥ್ಯದ ಒಂಬತ್ತು ಹಂತಗಳ ರಾಷ್ಟ್ರೀಯ ಮಾನದಂಡವೂ ಪ್ರಕಟವಾಗಿತ್ತು. ತಿಳಿದವರು ದೇಶದಲ್ಲಿದ್ದರು. ನವೆಂಬರ್‌ನ ಆ ತೀರ್ಮಾನದಲ್ಲಿ ಅವರ ಶಾಸ್ತ್ರದ ಗುರುತು ಕಾಣುವುದಿಲ್ಲ.

ಒಪ್ಪಿದ ನಿಯಮ, ಒಪ್ಪದ ನಿಯಮ

ಝೆಜಿಯಾಂಗ್‌ನ ಜನ ಅಂಕಗಳ ಪರಿವರ್ತನೆಯನ್ನೇ ವಿರೋಧಿಸುವವರಾಗಿರಲಿಲ್ಲ. ಅದೇ ಸುಧಾರಣೆಯಲ್ಲಿ ಮಕ್ಕಳು ತಾವೇ ಆರಿಸಿಕೊಳ್ಳುವ ಮೂರು ವಿಷಯಗಳಿಗೆ ಮೂಲ ಅಂಕ ಲೆಕ್ಕಕ್ಕಿರಲಿಲ್ಲ. ಸ್ಥಾನಕ್ಕೆ ತಕ್ಕಂತೆ 21 ಹಂತ, ಹಂತಕ್ಕೆ 3 ಅಂಕದ ಅಂತರ, 40ರಿಂದ 100. ಮೇಲಿನ 1 ಶೇಕಡಾ ಮಕ್ಕಳಿಗೆ 100. ಇದಕ್ಕೂ ಟೀಕೆಗಳಿದ್ದವು. ಬಲಶಾಲಿ ಮಕ್ಕಳೇ ತುಂಬಿರುವ ವಿಷಯವೆಂದು ಭೌತಶಾಸ್ತ್ರದಿಂದ ಮಕ್ಕಳು ದೂರ ಸರಿದರು, ಅದು ಬೇರೆಯೇ ದೊಡ್ಡ ಕಥೆ. ಆದರೂ ನಿಯಮ ಮೊದಲೇ ತಿಳಿದಿತ್ತು, ಅದನ್ನು ನೋಡಿಯೇ ಮಕ್ಕಳು ವಿಷಯ ಆರಿಸಿಕೊಳ್ಳುತ್ತಿದ್ದರು. ಇಂಗ್ಲಿಷಿಗೆ ಹೇಳಿದ್ದ ನಿಯಮ ಬೇರೆ: ಉತ್ತರಪತ್ರಿಕೆಯ ಮೇಲೆ ಬಂದದ್ದೇ ಅಂಕ.

ಇದನ್ನು ಓದುವ ಕರ್ನಾಟಕದ ಪಾಲಕರಿಗೆ 2024ರ ಸಿಇಟಿ ನೆನಪಾಗದೆ ಇರದು. ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಬಿಡುವುದು ಎಲ್ಲರಿಗೂ ಒಂದೇ ಎನ್ನಿಸಿದರೂ ಹಾಗಲ್ಲ. ಆ ಪ್ರಶ್ನೆಗಳಿಗೆ ತಲೆ ಕೆಡಿಸಿಕೊಂಡು ಸಮಯ ಕಳೆದವರಿಗೆ ಆ ಸಮಯ ವಾಪಸ್ ಬರಲಿಲ್ಲ. ಆದರೆ ಅಲ್ಲಿ ಏನು ಮಾಡುತ್ತೇವೆಂದು ಫಲಿತಾಂಶಕ್ಕೆ ಮೊದಲೇ ಬಹಿರಂಗವಾಗಿ ಹೇಳಿದ್ದರು. ಝೆಜಿಯಾಂಗ್‌ನಲ್ಲಿ ಮಕ್ಕಳು ಸಂಶಯಪಟ್ಟು ಕೇಳಿದ ಮೇಲೆ ಹೇಳಿದರು.

ಮೂಲ ಅಂಕಗಳನ್ನು ಮರಳಿಸಿದ್ದು ಸರಿಯಾದ ತೀರ್ಮಾನ. ಬೇರೆ ದಾರಿಯೂ ಇರಲಿಲ್ಲ. ಆದರೆ ಅದರಿಂದ ಬಗೆಹರಿದದ್ದು ಹನ್ನೊಂದು ದಿನಗಳ ಬಿಕ್ಕಟ್ಟು ಮಾತ್ರ. 2018ರ ನವೆಂಬರ್ ಪತ್ರಿಕೆ ನಿಜವಾಗಿಯೂ ಗಡುಸಾಗಿದ್ದರೆ ಆ ಮಕ್ಕಳಿಗಾದ ನಷ್ಟ ಹಾಗೆಯೇ ಉಳಿಯಿತು. ಹುದ್ದೆಗಳು ಹೋದದ್ದನ್ನು ಕಂಡ ಮೇಲೆ ಅಂಕಗಳನ್ನು ಸರಿದೂಗಿಸುವ ಮಾತನ್ನು ಯಾವ ಅಧಿಕಾರಿ ಮತ್ತೆ ಎತ್ತುತ್ತಾನೆ? ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ದೊಡ್ಡ ನಷ್ಟ ಇದೇ. ತಪ್ಪು ವಿಧಾನದ ಜೊತೆಗೆ ಸರಿಯಾದ ಪ್ರಶ್ನೆಯೂ ಹೂತುಹೋಯಿತು.

ಮಾಡಬಹುದಾದ ಕೆಲಸಗಳಿದ್ದವು, ಈಗಲೂ ಇವೆ. ಬೇರೊಂದು ಪ್ರಾಂತ್ಯದಲ್ಲಿ, ಪರೀಕ್ಷೆ ಮುಗಿದ ಕೂಡಲೇ, ಯಾದೃಚ್ಛಿಕವಾಗಿ ಆರಿಸಿದ ಮಕ್ಕಳ ಎರಡು ಗುಂಪುಗಳಿಗೆ ಎರಡು ಪತ್ರಿಕೆಗಳನ್ನು ಕೊಟ್ಟು ಹೋಲಿಸಬಹುದು. ಅಂಕಕ್ಕೆ ಸೇರದ ಕೆಲವು ಪ್ರಶ್ನೆಗಳನ್ನು ಪ್ರತಿ ಪತ್ರಿಕೆಯಲ್ಲೂ ಇಟ್ಟು, ಅವುಗಳನ್ನು ಮಾತ್ರ ಗುಟ್ಟಾಗಿ ಕಾಪಾಡಬಹುದು. ಇಲ್ಲವೇ ಬೀಜಿಂಗ್‌ನಂತೆ ಎರಡು ಅವಕಾಶವನ್ನು ಆಲಿಸುವ, ಮಾತಾಡುವ ಭಾಗಕ್ಕೆ ಸೀಮಿತಗೊಳಿಸಬಹುದು. ಅಲ್ಲಿ 2021ರಿಂದ ಆಲಿಸುವುದು, ಮಾತಾಡುವುದು ಸೇರಿ 50 ಅಂಕದ ಕಂಪ್ಯೂಟರ್ ಪರೀಕ್ಷೆ ಎರಡು ಸಲ ನಡೆಯುತ್ತದೆ. ಓದು, ಬರಹದ 100 ಅಂಕ ಜೂನ್‌ನಲ್ಲಿ ಎಲ್ಲರಿಗೂ ಒಂದೇ ಸಲ. ಅದರಿಂದ ಸಮಸ್ಯೆ ಮಾಯವಾಗುವುದಿಲ್ಲ, ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಝೆಜಿಯಾಂಗ್‌ನಲ್ಲಿ ಶರತ್ಕಾಲದ ಪರೀಕ್ಷೆ ಈಗ ಜನವರಿಗೆ ಬಂದಿದೆ. ಎರಡು ಅವಕಾಶ, ಹೆಚ್ಚು ಬಂದದ್ದು ಲೆಕ್ಕಕ್ಕೆ, ಉತ್ತರಪತ್ರಿಕೆಯ ಮೇಲೆ ಬಂದದ್ದೇ ಅಂಕ ಎಂಬ ವ್ಯವಸ್ಥೆ ಮುಂದುವರಿದಿದೆ. 2023ರಿಂದ ಅಲ್ಲಿನ ಜೂನ್ ಪರೀಕ್ಷೆಗೆ ರಾಷ್ಟ್ರಮಟ್ಟದ ಪತ್ರಿಕೆ ಬಂದಿದೆ. ಅದರಲ್ಲಿ ಆಲಿಸುವ ಭಾಗ ಮೊದಲಿನಂತೆ 30, ಓದಿ ಗ್ರಹಿಸುವ ಭಾಗ 35ರಿಂದ 50ಕ್ಕೆ ಏರಿದೆ. ಇಡೀ ಪತ್ರಿಕೆಯ ಮೂರನೇ ಒಂದು ಪಾಲು ಅಂಕ ಈಗ ಓದಿ ಗ್ರಹಿಸುವ ಭಾಗದ ಮೇಲೆ ನಿಂತಿದೆ. ಹಾಗಾಗಿ ಒಂದು ಸಲದ ಗದ್ಯ ಗಡುಸಾಗಿ, ಇನ್ನೊಂದು ಸಲದ್ದು ಸಡಿಲವಾಗಿ ಬಿದ್ದರೆ ಆಗುವ ವ್ಯತ್ಯಾಸ 2018ಕ್ಕಿಂತ ಈಗ ಹೆಚ್ಚು.